ಹಂಡೆಯೊಲೆಗೆ ನಾನು ಕೊಟ್ಟ ರಜೆ

ಭೂಮಂಡಲದ ತಾಪ ಇಳಿಸುವ ಕೆಲಸವನ್ನು ಕಾಡುಗೋಡಿಯ ನಮ್ಮ ಹಿತ್ತಲಿನಿಂದಲೇ ಶುರುಮಾಡುತ್ತೇನೆಂದು ನಾನು ಘೋಷಿಸಿದ್ದು ಎರಡು ಸಾವಿರದ ಹನ್ನೆರಡರ ಡಿಸೆಂಬರಿನಲ್ಲಿ. ಮಾಡು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ! ದೊಡ್ಡನೆಕ್ಕುಂದಿಯಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯವರು ಎರಡು ದಿನದ ಇಂಧನ ಉಳಿತಾಯದ ತರಬೇತಿಗೆ ಕಳಿಸಿ, ಕೊನೆಗೆ ಒಂದು ಸರ್ಟಿಫಿಕೇಟನ್ನೂ ಒಂದು ಹಸಿರು ಟೋಪಿಯನ್ನೂ ಕೊಟ್ಟಿದ್ದರು, ಅಷ್ಟೆ. ಕಲ್ಲಿದ್ದಲು ಮುಗಿಯುತ್ತಿದೆ, ಎಣ್ಣೆಬಾವಿ ಬತ್ತುತ್ತಿದೆ, ಹಿಮಪರ್ವತ ಕರಗುತ್ತಿದೆ ಎಂದು ಅಲ್ಲಿ ತೋರಿಸಿದ ಚಿತ್ರಗಳು ನನ್ನ ನಿದ್ದೆ ಕೆಡಿಸಿದ್ದವು. ಮಾರನೆಯ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಮೂಗಿಗೆ ಬಡಿದದ್ದು ಹೊಗೆ.

ಹಂಡೆಯೊಲೆಯ ಹೊಗೆ! ನಾದಿನಿ ವೇಣಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮಗುವಿಗೆ ಇಪ್ಪತ್ತು ದಿನ. ಬಾಣಂತಿಯ ಎಣ್ಣೆಸ್ನಾನವೆಂದರೆ ಅವಳಿಗೊಂದು ಹಂಡೆ ಸುಡುವ ನೀರು, ಮಗುವಿಗೆ ಬೇರೆಯೇ ಒಂದು ಕೊಡ. ಇದಕ್ಕಾಗಿ ಅತ್ತೆ ಸೊಣ್ಣಮ್ಮ ಐದು ಗಂಟೆಗೇ ಎದ್ದು ಉರಿ ಹಾಕುತ್ತಿದ್ದರು.

ಅದೂ ಎಂಥ ಮನೆಯಲ್ಲಿ? ತಾರಸಿಯ ಮೇಲೆ ಸೋಲಾರ್ ಮಿರಮಿರ ಮಿಂಚುವ ಮನೆಯಲ್ಲಿ! ನಮ್ಮವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ರೂಮುಗಳು ಬೆಳೆದಿವೆ. ಸೋಲಾರ್ ಬಿಸಿನೀರಿದೆ ಎಂದರೆ ಕಂಪ್ಯೂಟರ್ ಕಂಪನಿಯ ಹುಡುಗರು ಬೇಗ ಬರುತ್ತಾರೆಂದು ನಾಲ್ಕು ವರ್ಷದ ಹಿಂದೆಯೇ ಅದನ್ನು ಕೂರಿಸಿದ್ದಾಗಿತ್ತು. ಬಾಡಿಗೆಯವರಿಗೆ ಸೂರ್ಯ, ಮಾಲೀಕರಿಗೆ ಸೌದೆ!

"ಸೋಲಾರಿಂದ ಹಿತ್ತಲ ಬಚ್ಚಲಿಗೆ ಒಂದು ಪೈಪ್ ಎಳೆಸ್ರೀ," ಎಂದೆ ಗಂಡ ಮುನೀಂದ್ರನಿಗೆ.

"ಬಾಣಂತಿ ಸ್ನಾನಕ್ಕಾ? ನೀರು ಸಾಕಾಗುತ್ತಾ?"

"ಆಡಿಟ್ ಮಾಡಿ ಹೇಳ್ತೀನಿ. ಅಳೀಬೇಕು, ಬರೀಬೇಕು, ಆಮೇಲೆ ತೀರ್ಮಾನ ಮಾಡಬೇಕು."

"ನಮ್ಮಮ್ಮ ಅಳೆಯೋದೂ ಇಲ್ಲ, ಬರೆಯೋದೂ ಇಲ್ಲ. ಸೀದಾ ತೀರ್ಮಾನ."

"ಅದಕ್ಕೇ ಈ ದೇಶ ಹಿಂಗಿರೋದು!" ಎಂದು ಟೋಪಿ ಧರಿಸಿ ತಾರಸಿ ಹತ್ತಿದೆ.

ಸೋಮವಾರದಿಂದ ಶನಿವಾರದವರೆಗೆ ದಿನವೂ ಆಫೀಸಿಗೆ ಹೊರಡುವ ಮುಂಚೆ ಟ್ಯಾಂಕಿನ ನೀರು ಪರೀಕ್ಷಿಸಿದೆ. ಕೈಯಿಟ್ಟರೆ ಚುರ್ರೆನ್ನುತ್ತಿತ್ತು. ಹುಡುಗರಲ್ಲಿ ಅರ್ಧ ಜನ ತಲೆಗೆ ನೀರು ತಾಗಿತೋ ಇಲ್ಲವೋ ಎಂಬಂತೆ ಮಿಂದು ಕ್ಯಾಬ್ ಹಿಡಿಯುತ್ತಿದ್ದರು. ಉಳಿದರ್ಧ ನೈಟ್ ಶಿಫ್ಟ್ ಮುಗಿಸಿ ಗೊರಕೆ ಹೊಡೆಯುತ್ತಿದ್ದರು. ಟ್ಯಾಂಕು ಸದಾ ತುಂಬು ಗರ್ಭಿಣಿ!

ಶನಿವಾರ ಸಂಜೆ ಪೈಪು ಬಂತು. ಹುಮ್ಮಸ್ಸಿನಲ್ಲಿ ನಾನು ಅಲ್ಲಿಗೇ ನಿಲ್ಲಲಿಲ್ಲ. ಅತ್ತೆ ಒಟ್ಟಿದ್ದ ತೆಂಗಿನ ಚಿಪ್ಪು, ಸೋಗೆ, ಸೌದೆಯನ್ನೆಲ್ಲ ಬೀದಿ ಕೊನೆಯ ಇಸ್ತ್ರಿ ಗಾಡಿಯವರಿಗೆ ದಾನ ಮಾಡಿ, ಒಲೆಯ ಬಾಯಿಗೆ ಒಂದು ಮನಿಪ್ಲಾಂಟಿನ ಕುಂಡ ಇಟ್ಟೆ. ಮಾರನೆಯ ದಿನವೇ ಉದ್ಘಾಟನೆ. ಭಾನುವಾರ ನಾನೂ ಮನೆಯಲ್ಲಿರುತ್ತೇನಲ್ಲ!

ಬೆಳಿಗ್ಗೆ ಹತ್ತೂವರೆ. ವೇಣಿ ನೆತ್ತಿಯಿಂದ ಹಿಮ್ಮಡಿಯವರೆಗೆ ಹರಳೆಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕುಳಿತಿದ್ದಳು. ನಲ್ಲಿ ತಿರುಗಿಸಿದೆ. ಹಬೆ! ಅತ್ತೆ ಒಂದು ಚೊಂಬು ಹುಯ್ದರು, ಎರಡು ಚೊಂಬು ಹುಯ್ದರು. "ನೋಡಿದ್ರಾ? ಹೊಗೆ ಇಲ್ಲ, ಬೂದಿ ಇಲ್ಲ..." ಎಂದು ನಾನು ಭಾಷಣ ಎತ್ತಿಕೊಂಡೆ. ಆರನೆಯ ಚೊಂಬು ಉಗುರುಬೆಚ್ಚಗಿತ್ತು. ಎಂಟನೆಯದಕ್ಕೆ ವೇಣಿ "ಅಯ್ಯಮ್ಮಾ!" ಎಂದು ಮಣೆಯಿಂದ ಒಂದಡಿ ಮೇಲೆ ಹಾರಿದಳು.

ಮೂರು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿದೆ. ಮೇಲೆ ಸಾಲಾಗಿ ಹನ್ನೊಂದು ಬಕೆಟ್ಟು, ಹನ್ನೊಂದರಲ್ಲೂ ಜೀನ್ಸ್ ಪ್ಯಾಂಟು, ಎಲ್ಲದರಿಂದಲೂ ಹಬೆ!

"ಗುಡ್ ಮಾರ್ನಿಂಗ್ ಅಕ್ಕಾ," ಎಂದ ಎರಡನೇ ರೂಮಿನ ನಂದೀಶ್, ನೊರೆಗೈಯಲ್ಲೇ. "ಸಂಡೇ ಅಲ್ವಾ, ವಾರದ ಬಟ್ಟೆ ನೆನೆಹಾಕಿದ್ವಿ. ಲಾಸ್ಟ್ ಬಕೆಟ್ಟಿಗೆ ನೀರು ಸ್ವಲ್ಪ ತಣ್ಣಗಿತ್ತು. ಓನರ್‌ಗೆ ಒಂದು ಮಾತು ಹೇಳ್ತೀರಾ?"

ಓನರಿನ ಹೆಂಡತಿ ಅಲ್ಲೇ ನಿಂತು ಬೆವರುತ್ತಿದ್ದಳು. ನಾನು ಭಾನುವಾರ ಅಳೆದೇ ಇರಲಿಲ್ಲ. ಯಾಕೆಂದರೆ ಭಾನುವಾರ ನನಗೆ ರಜೆ!

ಕೆಳಗೆ ಓಡಿ ಬಂದು ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು ಸ್ವಿಚ್ ಒತ್ತಿದೆ. ಅದೇ ಕ್ಷಣಕ್ಕೆ ಇಡೀ ಬೀದಿಯ ಕರೆಂಟು ಹೋಯಿತು. ದೊಡ್ಡ ಪಾತ್ರೆಯನ್ನು ಗ್ಯಾಸಿನ ಮೇಲೆ ಏರಿಸಿದೆ. ಉರಿ ನೀಲಿಯಿದ್ದದ್ದು ಕೆಂಪಾಯಿತು, ಕೆಂಪಿದ್ದದ್ದು "ಪುಸ್ಸ್" ಎಂದಿತು. ವರ್ಷಕ್ಕೆ ಇಷ್ಟೇ ಸಿಲಿಂಡರು ಎಂದು ಸರಕಾರ ಮಿತಿ ಹಾಕಿದ್ದ ಕಾಲ. ಒಂದು ಪೂರ್ತಿ ಮುಗಿಯದೆ ಇನ್ನೊಂದನ್ನು ಬುಕ್ ಮಾಡಕೂಡದೆಂಬ ಕಾನೂನನ್ನು ಮನೆಯಲ್ಲಿ ಜಾರಿಗೆ ತಂದವಳೂ ನಾನೇ.

"ಇನ್ನೇನಾದ್ರೂ ಐಡಿಯಾ ಇದೆಯಾ, ಟೋಪಿ ಮೇಡಂ?" ಎಂದ ಮುನೀಂದ್ರ.

ವೇಣಿ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಳು. "ಅತ್ತಿಗೇ, ಭೂಮಿ ತಣ್ಣಗಾಗುತ್ತೋ ಇಲ್ವೋ ಗೊತ್ತಿಲ್ಲ. ನಾನಂತೂ ಈಗ ತಣ್ಣಗಾಗ್ತೀನಿ!"

ನಗು ಬರಲಿಲ್ಲ. ಅವಳ ತುಟಿ ನೀಲಿಯಾಗಿತ್ತು. ಹಸಿ ಬಾಣಂತಿ, ಮೈಯೆಲ್ಲ ಎಣ್ಣೆ, ಡಿಸೆಂಬರಿನ ಗಾಳಿ. ಶೀತವಾಗಿ ಜ್ವರ ಏರಿದರೆ? ಒಳಗೆ ಮಗುವೂ ಅಳಲು ಶುರುಮಾಡಿತು.

ಆಗ ಅತ್ತೆ ಸೆರಗು ಸಿಕ್ಕಿಸಿದರು. ಒಂದೇ ಕೈಯಲ್ಲಿ ಮನಿಪ್ಲಾಂಟನ್ನು ಎತ್ತಿ ಪಕ್ಕಕ್ಕೆ ಇಟ್ಟರು.

"ಸೌದೆ ಇಲ್ಲ ಅತ್ತೆ... ನಾನೇ..."

"ಗೊತ್ತಮ್ಮಿ. ಪಕ್ಕದ ಮನೇಲಿ ಒಂದು ಸೋಗೆ ಬಿದ್ದೈತೆ, ಎಳ್ಕೊಂಡು ಬಾ. ಲೋ ಮುನೀಂದ್ರ, ಮೇಲಿನವ್ರು ಟೀವಿ ತಂದ ಮರದ ಪೆಟ್ಟಿಗೆ ಮೆಟ್ಲ ಕೆಳಗೆ ಬಿದ್ದೈತಲ್ಲ, ಅದನ್ನ ಒಡ್ಕೊಂಡು ಬಾ. ನಿಂತ್ಕೊಂಡು ಕಿಸೀಬೇಡ!"

ಒಂದು ತೋಳಿನಲ್ಲಿ ಹಿಡಿಯುವಷ್ಟು ಸೌದೆಯಾಯಿತು. ಇದರಲ್ಲಿ ಕಾಫಿ ಕಾಯಿಸಬಹುದು, ಹಂಡೆ ಕಾಯಿಸಲು ಸಾಧ್ಯವೇ ಇಲ್ಲವೆಂದು ನನ್ನ ತರಬೇತಿ ಹೇಳಿತು.

ಮುಂದೆ ನಡೆದದ್ದನ್ನು ನಾನು ಬಾಯಿ ತೆರೆದುಕೊಂಡೇ ನೋಡಿದೆ. ಅತ್ತೆ ಹಲಗೆಗಳನ್ನು ಹೆಬ್ಬೆರಳಿನ ದಪ್ಪಕ್ಕೆ ಸೀಳಿ, ಮೂರೇ ಮೂರನ್ನು ಒಲೆಗಿಟ್ಟು, ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟರು. ಸೋಗೆಯ ಎರಡು ಗರಿ, ಒಂದು ಕಡ್ಡಿ ಬೆಂಕಿ, ಊದುಗೊಳವೆಯಲ್ಲಿ ಒಂದೇ ಉಸಿರು. ಹೊಗೆ ಒಮ್ಮೆ ಎದ್ದು, ಅವರ ಕಣ್ಣಿಗೆ ನುಗ್ಗಿ, ಮಾಯವಾಯಿತು. ಉರಿ ಹಂಡೆಯ ತಳವನ್ನು ಅಂಗೈಯಂತೆ ತಬ್ಬಿಕೊಂಡಿತು. ಒಂದು ನಾಲಿಗೆಯೂ ಹೊರಗೆ ಚಾಚಲಿಲ್ಲ! ಹಂಡೆಗೆ ಅರ್ಧವೇ ನೀರು, ಬಾಯಿಗೆ ತಟ್ಟೆ, ತಟ್ಟೆಯ ಮೇಲೆ ಮಗುವಿನ ಕೊಡ. ಕೆಳಗಿನ ಹಬೆಯಲ್ಲಿ ಮೇಲಿನ ನೀರು ಪುಕ್ಕಟೆ ಕಾಯಿತು. ವೇಣಿಯನ್ನು ಒಲೆಯ ಮಗ್ಗುಲಿಗೆ ಕೂರಿಸಿದ್ದರಿಂದ ಅದೇ ಉರಿಗೆ ಅವಳ ನಡುಕವೂ ನಿಂತಿತು. ಪಕ್ಕದ ಬೂದಿಯಲ್ಲಿ ಅವಳ ಊಟಕ್ಕೆ ಬೆಳ್ಳುಳ್ಳಿ ಬೇಯುತ್ತಿತ್ತು. ಸೌದೆಯ ತುದಿ ಉರಿದಂತೆಲ್ಲ ಅತ್ತೆ ಕಾಲಿನಿಂದ ಒಂದು ಅಂಗುಲ ಒಳಕ್ಕೆ ತಳ್ಳುತ್ತಿದ್ದರು, ಅಷ್ಟೆ. ನಮ್ಮ ಕಾರ್ಖಾನೆಯ ಕುಲುಮೆಗೆ ಮೂರು ಜನ ಇಂಜಿನಿಯರುಗಳಿದ್ದಾರೆ, ತಾಪ ತೋರಿಸುವ ಒಂದು ಕಂಪ್ಯೂಟರ್ ಪರದೆಯಿದೆ. ಆದರೂ ಅದರ ಅರ್ಧ ಶಾಖ ಆಕಾಶಕ್ಕೆ ಹೋಗುತ್ತದೆ!

ಮುಕ್ಕಾಲು ಗಂಟೆಯಲ್ಲಿ ಸ್ನಾನ ಮುಗಿಯಿತು. ಅತ್ತೆ ಉಳಿದ ಕೆಂಡವನ್ನು ಬಾಣಲೆಗೆ ತೋಡಿ, ಸಾಂಬ್ರಾಣಿ ಹಾಕಿ, ಮಗಳ ಒದ್ದೆ ಕೂದಲಿಗೆ ಹೊಗೆ ಕೊಟ್ಟರು.

"ಈ ಕೆಂಡ ನಿನ್ನ ಪೈಪಲ್ಲಿ ಬತ್ತಿತ್ತೇನಮ್ಮಿ?"

ಬಾಣಂತಿಗೆ ಧೂಪ ಹಾಕಬೇಕೆಂಬುದೇ ನನ್ನ ಆಡಿಟ್ಟಿಗೆ ಹೊಳೆದಿರಲಿಲ್ಲ! ವೇಣಿಯ ಹಣೆ ಮುಟ್ಟಿ ನೋಡಿದೆ. ಹದವಾಗಿ ಬೆಚ್ಚಗಿತ್ತು. ಮಗುವನ್ನು ತಬ್ಬಿಕೊಂಡು ಅವಳು ನಿದ್ದೆ ಹೋದಳು.

ನನ್ನ ಎದೆ ತುಂಬಿ ಬಂತು. ಟೋಪಿ ತೆಗೆದೆ.

"ತಪ್ಪಾಯ್ತು ಅತ್ತೆ. ನಿಮ್ಮ ವಿದ್ಯೆ ಮುಂದೆ ನಮ್ಮ ತರಬೇತಿ ಏನೂ ಅಲ್ಲ. ಎಂಥಾ ಅದ್ಭುತ! ಆ ಪೈಪನ್ನ ಇವತ್ತೇ ಕೀಳಿಸ್ತೀನಿ. ಈ ಒಲೆ ಯಾವತ್ತೂ ಆರಬಾರದು!"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಮಾತಿಗೆ ಕರಗಿದರೆಂದುಕೊಂಡೆ. ಅದು ಹೊಗೆ ತರಿಸಿದ ನೀರು.

"ಆ ಪೈಪ್ ಮುಟ್ಟಿದ್ರೆ ಕೈ ಮುರೀತೀನಿ!"

"ಅಲ್ಲ ಅತ್ತೆ, ಈ ಕಲೆ..."

"ಕಲೆಯಂತೆ ಕಲೆ! ಈ ಮನೇಗೆ ಬಂದು ಮೂವತ್ತೆರಡು ವರ್ಸ ಆಯ್ತು. ಇವತ್ತೊಂದು ದಿನ ಏಳು ಗಂಟೆಗಂಟ ಮಲಗಿದ್ದೆ ಕಣಮ್ಮಿ. ನಿನ್ನ ಪೈಪು ಗೆಲ್ಲಲಿ ಅಂತ ಮುನೇಶ್ವರನಿಗೆ ಕಾಯಿ ಹೊತ್ಕೊಂಡಿದ್ದೆ. ಅಂಥಾದ್ರಲ್ಲಿ ಕೀಳಿಸ್ತಾಳಂತೆ! ಭಾನುವಾರ ಆ ಹುಡುಗ್ರ ನಲ್ಲಿ ಕಟ್ಟು, ಧೂಪಕ್ಕೆ ಒಂದು ಹಿಡಿ ಇದ್ಲು ತಂದಿಡು, ಮುಗೀತು."

"ಆದ್ರೂ ಆ ಉರಿ ನೋಡೋಕೆ ಎಷ್ಟು ಚೆಂದ..."

ಅತ್ತೆ ಊದುಗೊಳವೆಯನ್ನು ನನ್ನ ಕೈಗಿತ್ತರು.

"ಅಷ್ಟು ಚೆಂದ ಅನ್ನಿಸಿದ್ರೆ ನಾಳೆಯಿಂದ ಐದು ಗಂಟೆಗೆ ಎದ್ದು ನೀನೂ ನಿನ್ನ ಗಂಡಾನೂ ಊದಿ. ನಾನು ಹಾಸಿಗೇಲಿ ಬಿದ್ಕೊಂಡೇ ಬೆರಗಾಗ್ತೀನಿ!"