ದೋಣಿಯ ತೂಕ ಮತ್ತು ಹಿಂದಿನ ಕೋಲಿ

ನಾ ಗೋಕಾಕದಾಗ ಪಂಪಿನ ಮೋಟರ್ ರಿವೈಂಡಿಂಗ್ ಮಾಡಾವ. ಸುಟ್ಟ ಮೋಟರ್ ತಂದು ಕೊಟ್ರ ಹೊಸಾ ತಂತಿ ಸುತ್ತಿ ಕೊಡ್ತೀನಿ, ಅದರಾಗ ಯಾರೂ ಹೆಸರಿಟ್ಟಿಲ್ಲ. ಹೊತ್ತು ಸಿಕ್ಕಾಗ ಮನಿ ಹಿಂದಿನ ಕೋಲಿಯೊಳಗ ಕುಂತು ರಿಮೋಟಿನ ದೋಣಿ ಮಾಡ್ತೀನಿ. ಖರೆ ಹಡಗು, ಖರೆ ನಾವ ಹೆಂಗಿರ್ತಾವೋ ಹಂಗ, ಅಳತಿ ಹಿಡಿದು ಸಣ್ಣದಾಗಿ. ಒಂದಿಲ್ಲೊಂದು ಫಜೀತಿ ಆಗೂದು ಅಲ್ಲೇ. ಆಗಬಾರದು ಅಂತ ನಾನೂ ಅಂದ್ಕೊಂಡಿರ್ತೀನಿ, ದೋಣಿ ಕೇಳೂದಿಲ್ಲ.

ನಮ್ಮಾಕಿಗೆ ಆ ಕೋಲಿ ಬೇಕಾಗಿತ್ತು. ಆಕಿ ಮತ್ತ ಸಂಘದ ನಾಕು ಹೆಣ್ಮಕ್ಕಳು ರೊಟ್ಟಿ ಮಾಡಿ ಮಾರಬೇಕಂತ ಮಾಡಿದ್ರು, ಒಲಿ ಇಡಾಕ ಜಾಗಾ ಇರಲಿಲ್ಲ. ಆಕಿ ಜಗಳಾ ತೆಗೀಲಿಲ್ಲ. "ಒಂದರೆ ದೋಣಿ ಹತ್ತು ನಿಮಿಷ ನೀರಾಗ ನೆಟ್ಟಗ ನಿಂತು ತೋರಸಲಿ, ಕೋಲಿ ನಿಮ್ದ. ಒಂದ ವರ್ಷ ಮುದ್ದತ್ ಕೊಟ್ಟೇನಿ, ಆಮ್ಯಾಲೆ ನಂದು" ಅಂದ್ಲು. ಹತ್ತು ನಿಮಿಷ ಏನ್ ಮಹಾ ಅಂತ ನಾ ಒಪ್ಪಿದೆ.

ಬೆಲ್ಲ

ಮೊದಲನೇದು ಸರಕಿನ ಹಡಗು. ಎತ್ತರ ಜಾಸ್ತಿ ಆಗಿ ನೀರಾಗ ಇಟ್ಟ ಕೂಡಲೇ ವಾಲತಿತ್ತು. ಇಂಥಾದ್ದಕ್ಕ ತಳದಾಗ ಭಾರ ತುಂಬಬೇಕು. ಹೊಟ್ಟಿ ಕೆಳಗ ಕುಂತ್ರ ತಲಿ ನೆಟ್ಟಗ ನಿಲ್ಲತೈತಿ. ಸೀಸ ಹುಡುಕಿದೆ, ಸಿಗಲಿಲ್ಲ. ಮೂಡಲಗಿ ಕಡೆ ನನ್ನ ಗೆಳೆಯಾ ಒಬ್ಬಾವ ಬೆಲ್ಲದ ಗಾಣ ಇಟ್ಟಾನ. ತೂಕ ಅಂದ್ರ ತೂಕ, ಸೀಸ ಆದ್ರೇನು ಬೆಲ್ಲ ಆದ್ರೇನು ಅಂದ. ಬಿಸಿ ಬೆಲ್ಲ ತಂದು ತಾನ ತಳಕ್ಕ ಹೊಯ್ದ. ಮೂಲಿ ಮೂಲಿಗೆ ಹರಿದು ಗಟ್ಟಿ ಆತು. ಸೀಸಾನೂ ಇಷ್ಟು ಚಂದ ಕುಂದರತಿರಲಿಲ್ಲ.

ಅವನ ಕೃಷಿಹೊಂಡದಾಗ ಬಿಟ್ವಿ. ಆರು ನಿಮಿಷ ಹಡಗು ಭಾಳ ಗತ್ತಿನಾಗ ಹೋತು. ಅಷ್ಟರಾಗ ನೀರು ತಳ್ಳೋ ಫಂಕಾದ ಸಲಾಕಿ ಹೊರಗ ಬರೋ ತೂತಿನಿಂದ ನೀರು ಹೊಕ್ಕು ಬೆಲ್ಲ ಎಲ್ಲಾ ಪಾನಕ ಆಗಿತ್ತು. ಪಾನಕ ಒಂದ ಕಡೆ ಓಡಿತು, ಹಡಗೂ ಅದರ ಹಿಂದ ಹೋತು. ಏಳನೇ ನಿಮಿಷಕ್ಕ ಮಗ್ಗಲಾಗಿ ಮಲಗಿಬಿಡ್ತು.

ಎಳೆದು ಹೊರಗ ತೆಗೆದ್ವಿ. ನಾ ತಲಿ ಮ್ಯಾಲೆ ಕೈ ಹೊತ್ತು ಕುಂತಿದ್ದೆ. ಗೆಳೆಯಾ ಹಡಗಿನೊಳಗ ಬಟ್ಟು ಅದ್ದಿ ನೆಕ್ಕಿ ನೋಡಿದ, ಮತ್ತೊಮ್ಮೆ ನೆಕ್ಕಿದ, ಬೆಲ್ಲಕ್ಕ ಇನ್ನ ಎರಡು ಕುದಿ ಬೇಕಾಗಿತ್ತು ಅಂದ.

ಎಷ್ಟು ಎಚ್‌ಪಿ?

ಎರಡನೇದು ಗಸ್ತಿ ಹೊಡಿಯೋ ದೋಣಿ. ಮೇಲವಂಕಿ ರೈತರೊಬ್ಬರ ಹೊಂಡಕ್ಕ ಒಯ್ದೆ. ಅವರ ಪಂಪು ನಾ ಸುತ್ತಿಕೊಟ್ಟದ್ದ. ಅವರು ದೋಣಿ ನೋಡಲಿಲ್ಲ, ಮೋಟರ್ ಎಷ್ಟು ಎಚ್‌ಪಿ ಅಂತ ಕೇಳಿದ್ರು. ನೂರನೇ ಒಂದ ಪಾಲೂ ಇಲ್ರಿ ಅಂದೆ. ಅವರು ನನ್ನ ಮಾರಿ ನೋಡಿ, ಮನಿ ಕಡೆ ಎಲ್ಲಾ ಆರಾಮ ಅದಾರೇನು ಅಂತ ಕೇಳಿದ್ರು.

ಮೋಟರ್ ಕೆಲಸದಾಗ ಕೂದಲಾ ಬೆಳ್ಳಗ ಮಾಡ್ಕೊಂಡಾವಗ ಈ ಮಾತು ಹೆಂಗ ತಡೀಬೇಕು? ಮರುವಾರ ದೊಡ್ಡ ಮೋಟರ್, ದೊಡ್ಡ ಫಂಕಾ ಹಾಕ್ಕೊಂಡು ಹೋದೆ. ನೀರಿಗೆ ಬಿಟ್ಟೆ. ದೋಣಿ ಮೂಗು ಮ್ಯಾಲೆ ಎತ್ತಿತು, ನಾ ರಿಮೋಟ್ ಒತ್ತೂದರಾಗ ಹೊಂಡ ದಾಟಿತು, ಒಡ್ಡು ಏರಿತು, ಕಬ್ಬಿನೊಳಗ ಹೊಕ್ಕಿತು. ಒಳಗ ಒಂದಿಷ್ಟು ಹೊತ್ತು ಫಂಕಾದ ಸಪ್ಪಳ ಕೇಳಸ್ತು, ಆಮ್ಯಾಲೆ ಅದೂ ಇಲ್ಲ. ಆಳೆತ್ತರ ಕಬ್ಬು, ಎಲ್ಲಿ ಅಂತ ಹುಡುಕೂದು? ಕಟಾವು ಆಗಲಿ, ಸಿಗತೈತಿ ಅಂದ್ರು ರೈತರು.

ನಾಕು ತಿಂಗಳ ಮ್ಯಾಲೆ ಫೋನ್ ಬಂತು. ಹೋಗಿ ನೋಡಿದ್ರ ಕಬ್ಬು ಕಡಿಯೋ ಮಂದಿ ಅದರಾಗ ಕರುವಿಗೆ ನೀರು ಇಟ್ಟಿದ್ರು. ಹೊರಗಿನ ನೀರು ಒಳಗ ಬಿಡೋ ನನ್ನ ದೋಣಿ ಒಳಗಿನ ನೀರು ಒಂದ ಹನಿ ಹೊರಗ ಬಿಟ್ಟಿರಲಿಲ್ಲ. ಕರುವಿನ ಮುಂದಿಂದ ಕಸಗೊಳ್ಳಾಕ ಮನಸ್ಸಾಗಲಿಲ್ಲ, ಬಿಟ್ಟು ಬಂದೆ.

ನೆಟ್ಟಗ ನಿಂತಿತ್ತೇನು ಅಂತ ಕೇಳಿದ್ಲು ನಮ್ಮಾಕಿ. ನಿಂತಿತ್ತು ಅಂದೆ. ದೋಣಿ ನೀರಾಗ ನಿಂದರಬೇಕು, ನೀರು ದೋಣ್ಯಾಗ ನಿಂತದ್ದು ಲೆಕ್ಕಕ್ಕ ಇಲ್ಲ ಅಂದ್ಲು.

ಹುಕ್ಕೇರಿ ಸಂತಿ

ಇನ್ನ ಬೆಲ್ಲದ ಸಾವಾಸ ಬ್ಯಾಡ ಅಂತ ಹುಕ್ಕೇರಿ ಸಂತಿಗೆ ಹೋಗಿ ಒಬ್ಬ ಹಳೇ ವ್ಯಾಪಾರಿ ಕಡೆ ಕಬ್ಬಿಣದ ತೂಕದ ಕಲ್ಲು ತಂದೆ. ಈಗ ಅವರು ಕರೆಂಟಿನ ತಕ್ಕಡಿ ಇಟ್ಕೊಂಡಾರ, ಇವು ಬಿದ್ದಿದ್ವು. ಕಿಲೋದವು ಎರಡು. ಮೂರನೇ ದೋಣಿ ಮಾಡಿ ಅದರ ತಳದಾಗ ಎಡಕ್ಕೊಂದು, ಬಲಕ್ಕೊಂದು ಇಟ್ಟೆ.

ದೋಣಿ ಎಡಕ್ಕ ವಾಲಿತು. ಮರ ಕೆತ್ತಿದೆ, ಫಂಕಾ ಬದಲಿ ಮಾಡಿದೆ, ಸಲಾಕಿ ನೆಟ್ಟಗ ಮಾಡಿದೆ. ಹದಿನೈದು ದಿನ ತಲಿ ಕೆಟ್ಟು ಮೊಸರಾತು. ಕಡೀಕ ಕಲ್ಲು ಎರಡನ್ನೂ ತೂಗಿ ನೋಡಿದ್ರ ಬಲಗಡೇದು ನೂರೈವತ್ತು ಗ್ರಾಂ ಕಮ್ಮಿ.

ಮತ್ತ ಹೋಗಿ ಕೇಳಿದೆ. ಅವರು ಎರಡೂ ಕಲ್ಲು ಕೈಯಾಗ ಹಿಡಿದು ನೋಡಿ, "ಇದು ಮಾರೂದ್ರಿ, ಇದು ಕೊಳ್ಳೂದು" ಅಂದ್ರು.

ನಾವ

ವರ್ಷ ಮುಗಿಯಾಕ ಎಂಟು ದಿನ ಇತ್ತು. ಹಿಂದ ನಮ್ಮ ಘಟಪ್ರಭಾ ಹೊಳಿಯಾಗ ಮಂದಿ ದಾಟಸ್ತಿದ್ದ ನಾವದಂಥಾದ್ದ ಒಂದು ಮಾಡಿದೆ. ಸಪಾಟ ತಳ, ಸಣ್ಣ ಮೋಟರ್, ಸಾವಕಾಶ ತಿರಗೋ ಫಂಕಾ. ರಿಮೋಟ್ ಜೋಡಸಾಕ ಹೊತ್ತಿರಲಿಲ್ಲ, ಬರೇ ಒಂದು ಸ್ವಿಚ್. ಸೇತುವೆ ಆಗೂ ಮೊದಲು ಆ ನಾವ ನಡಸ್ತಿದ್ದ ಅಂಬಿಗ ಅಜ್ಜನ್ನ ಪಂಚ ಅಂತ ಕರೆದ್ವಿ. ಅಜ್ಜ ಹೇಳಿದ್ದಕ್ಕ ಇಬ್ಬರೂ ಒಪ್ಪಬೇಕು ಅಂತ ಮಾತಾತು.

ತಳದಾಗ ಕಬ್ಬಿಣ ಇಡಾಕ ಹೋದ್ರ ಅಜ್ಜ ಬ್ಯಾಡ ಅಂದ. ನಾವದ ಭಾರ ಅಂದ್ರ ಮಂದಿ, ಮಂದಿನ ಕುಂದ್ರಸು ಅಂದ. ನಮ್ಮಾಕಿ ಸಂಘದವರು ನಕ್ಕೋತ ಜ್ವಾಳದ ಹಿಟ್ಟು ನಾದಿ, ಬಟ್ಟಿನಷ್ಟು ಉದ್ದ ಇಪ್ಪತ್ತು ಮಂದಿನ ಮಾಡಿದ್ರು. ಕುಸೀಬಾರದು ಅಂತ ಹಂಚಿನ ಮ್ಯಾಲೆ ಬೇಯಿಸಿದ್ರು. ಕೈ ರೂಢಿ, ಉಪ್ಪು, ಎಳ್ಳೂ ಬಿದ್ದಿದ್ವು.

ಹೊಳಿ ದಂಡಿಗೆ ಎಲ್ಲಾರೂ ಬಂದ್ರು. ನಾ ಸ್ವಿಚ್ ಹಾಕಿದೆ. ಅದು ತಳದಾಗಿತ್ತು, ಮಂದಿ ಕುಂತ ಮ್ಯಾಲೆ ಕೈ ಹೋಗತಿರಲಿಲ್ಲ. ಫಂಕಾ ತಿರಗಾಕ ಹತ್ತಿತು. ಅಜ್ಜ ದಪ್ಪನವರನ್ನ ನಡುವ, ಸಣ್ಣವರನ್ನ ಅಂಚಿಗೆ, ಒಬ್ಬೊಬ್ಬರನ್ನ ಹಿಡಿದು ಕುಂದ್ರಿಸಿದ. ಬಿಡೂಣೇನ್ರಿ ಅಂದೆ. ತಡಿ, ಇನ್ನ ಇಬ್ಬರು ಬರಬೇಕು ಅಂದ. ತನ್ನ ಜೀವಮಾನದಾಗ ಅಜ್ಜ ತುಂಬದ ನಾವ ಬಿಟ್ಟಾವಲ್ಲ. ಸ್ವಿಚ್ ಆದ್ರೂ ಆರಸ್ತೀನಿ ಅಂದ್ರ, ಕುಂತ ಮಂದಿನ ಎಬ್ಬಸಬಾರದು ಅಂದ. ಹೆಣ್ಮಕ್ಕಳು ಮನಿಗೆ ಹೋಗಿ ಹಿಟ್ಟು ನಾದಿ, ಇನ್ನಿಬ್ಬರನ್ನ ಬೇಯಿಸಿ ತರೂತನಕ ಫಂಕಾ ಸುಮ್ಮನ ತಿರಗತಿತ್ತು.

ಕಡೀಕ ನಾವ ಹೊಂಟಿತು. ಒಂದೀಟೂ ವಾಲಲಿಲ್ಲ. ನಮ್ಮಾಕಿ ಮೊಬೈಲ್ ಹಿಡಿದು ನಿಮಿಷ ಎಣಸ್ತಿದ್ಲು. ಆರನೇ ನಿಮಿಷಕ್ಕ ನಡು ಹೊಳಿಯಾಗ ಬ್ಯಾಟರಿ ಮುಗೀತು. ನಾ ಹೆದರಲಿಲ್ಲ. ನಿಂದರಬೇಕು ಅಂತ ಮಾತಾಗಿತ್ತು, ನಡೀಬೇಕು ಅಂತಲ್ಲ. ಕೋಲಿ ನಂದ ಆತು ಅಂತ ಖುಷಿಗೆ ಕಣ್ಣಾಗ ನೀರು ಬಂದ್ವು.

ಎಂಟನೇ ನಿಮಿಷಕ್ಕ ಒಂದು ಕಾಗಿ ಬಂದು ಎಡಗಡಿ ಅಂಚಿನ ಒಬ್ಬಾವನ್ನ ಎತ್ಕೊಂಡು ಹೋತು. ತಿಂದು ನೋಡಿ ಬಳಗಾ ಕರಕೊಂಡು ಬಂತು. ಅವೂ ಎಡಗಡೆಯಿಂದನ ಚಾಲೂ ಮಾಡಿದ್ವು. ನಾ ದಂಡಿಯಾಗ ಟಾವೆಲ್ ಬೀಸಿ ಬೀಸಿ ಸೋತೆ. ಎಡಕ್ಕ ಮಂದಿ ಖಾಲಿ ಆದ್ರು, ಉಳಿದವರು ಬಲಕ್ಕ ಜಾರಿದ್ರು, ಒಂಬತ್ತೂವರಿ ನಿಮಿಷಕ್ಕ ನಾವ ಬೋರಲ ಬಿತ್ತು.

ತೇಲಾಕಂತೂ ಹತ್ತೇತಲ್ಲ ಅಂತ ನಾ ವಾದಾ ಮಾಡಿದೆ. ಅಜ್ಜ ಬೋರಲ ಬಿದ್ದ ನಾವಾನ ನೋಡಿದ, ಕಾಗಿಗಳನ್ನ ನೋಡಿದ. "ನಮ್ಮಪ್ಪನ ಪಿಂಡಾನೂ ಕಾಗಿ ಇಷ್ಟು ಲಗೂ ಮುಟ್ಟಿರಲಿಲ್ಲ" ಅಂದ. ಆಮ್ಯಾಲೆ ನನ್ನ ಹೆಗಲ ಮ್ಯಾಲೆ ಕೈ ಇಟ್ಟು, ಕೋಲಿ ಬಿಟ್ಟು ಕೊಡಪಾ ಅಂದ.

ಅರ್ಧಾ ನಿಮಿಷದ್ದೇನು, ನಮ್ಮಾಕಿ ಕರುಣಾ ತೋರಸಾಕಿ ಅಂತ ಆಕಿ ಕಡೆ ನೋಡಿದೆ. ಆಕಿ ದೋಣಿ ಕಡೆ ನೋಡಾಕ ಹತ್ತಿದ್ದಿಲ್ಲ. ಕಾಗಿಗಳು ದಂಡಿಯಾಗ ಬಿದ್ದ ಚೂರನ್ನೂ ಬಿಡದ ಹೆಕ್ಕೂದನ್ನ ನೋಡ್ಕೋತ ನಿಂತಿದ್ಲು. ಆಮ್ಯಾಲೆ ಸಂಘದವರ ಕಡೆ ತಿರುಗಿ, "ರೊಟ್ಟಿಗೂ ಉಪ್ಪು ಇಷ್ಟ ಇರಲಿ" ಅಂದ್ಲು.