ನಡಿಸಿ ತೋರಸ್ರಿ

ಪ್ಲಾಸ್ಟಿಕ್ ಅಸ್ಥಿಪಂಜರದ ಸೊಂಟ ಮುರಿದದ್ದೇ ಎಲ್ಲಕ್ಕೂ ಮೂಲ. ಸಿಂದಗಿಯ ಆ ನರ್ಸಿಂಗ್ ಕಾಲೇಜಿನಲ್ಲಿ ಇದ್ದದ್ದು ಅದೊಂದೇ. ಕಸ ಗುಡಿಸುವಾಗ ಬಿದ್ದು ಹೋಳಾಯಿತು. ಹೊಸದರ ಬದಲು ಮೊಬೈಲ್ ಆ್ಯಪ್ ಕೊಳ್ಳೋಣ ಎಂದು ಶರೀರರಚನೆ ಕಲಿಸುವ ಸಿದ್ದಾರೂಢ ಬಾಯಿ ಬಿಟ್ಟ. ಬಿಟ್ಟದ್ದೇ ತಪ್ಪು.

ಅವನಿಗೇನೂ ಆ್ಯಪಿನ ಹುಚ್ಚಿರಲಿಲ್ಲ. ಹೋದ ವರ್ಷ ಇದೇ ಕಾಲೇಜಿನ ಹುಡುಗನೊಬ್ಬ ಜ್ವರಕ್ಕೆಂದು ಬಂದ ಮೋರಟಗಿಯ ರುಕ್ಮವ್ವನ ಕುಂಡಿಗೆ ಸೂಜಿ ಹಾಕುವಾಗ ನರಕ್ಕೇ ಚುಚ್ಚಿದ್ದ. ಮುದುಕಿ ಇವತ್ತಿಗೂ ಕೋಲೂರಿ ನಡೆಯುತ್ತಾಳೆ. ನರ ಎಲ್ಲಿ ಹಾಯುತ್ತದೆಂದು ಆ ಹುಡುಗನಿಗೆ ಯಾರೂ ತೋರಿಸಿರಲಿಲ್ಲ. ಪ್ಲಾಸ್ಟಿಕ್ ಎಲುಬಿಗೆ ನರ ಎಲ್ಲಿಂದ ಬರಬೇಕು? ಇನ್ನೊಬ್ಬ ರುಕ್ಮವ್ವ ಆಗಬಾರದು ಎಂಬುದಷ್ಟೇ ಸಿದ್ದಾರೂಢನ ಹಟ.

ಹುಡುಕಿ ಹುಡುಕಿ ಒಂದು ಒಳ್ಳೆಯ ಆ್ಯಪ್ ಆರಿಸಿದ್ದ. ಚರ್ಮ ಸರಿಸಿದರೆ ಸ್ನಾಯು, ಸ್ನಾಯು ಸರಿಸಿದರೆ ಹಳದಿ ದಾರದಂಥ ನರ. ಬೆಳಿಗ್ಗೆ ಅದನ್ನು ತೆರೆದ ಕೂಡಲೇ ಪ್ರಿನ್ಸಿಪಾಲ್ ವಿಜಯಲಕ್ಷ್ಮಿ ಕಣ್ಣು ಮುಚ್ಚಿಕೊಂಡರು. ಅರಿವೆಯಿಲ್ಲದ ಗಂಡಸನ್ನು ಹುಡುಗಿಯರಿಗೆ ಹೇಗೆ ತೋರಿಸುವುದು, ಒಂದು ಧೋತರವಾದರೂ ಉಡಿಸಲು ಬರುವುದಿಲ್ಲವೇ ಎಂದರು. ಚರ್ಮವನ್ನೇ ಸುಲಿದವನ ಮೇಲೆ ಧೋತರ ಎಲ್ಲಿ ನಿಲ್ಲುತ್ತದೆ ಎಂದು ಸಿದ್ದಾರೂಢ ಹಲ್ಲು ಕಡಿದ. ಅಷ್ಟರಲ್ಲಿ ಪಕ್ಕದ ಮೇಜಿನ ಉಪನ್ಯಾಸಕ ಸಂಜೀವಕುಮಾರ, ಯಾರೂ ಕೇಳದಿದ್ದರೂ, ತನ್ನ ಮೊಬೈಲಿನಲ್ಲಿ ಇನ್ನೊಂದು ಆ್ಯಪ್ ಇದೆ, ಪುಕ್ಕಟೆ ಸಿಗುತ್ತದೆ, ನಡುನಡುವೆ ತಲೆಗೂದಲೆಣ್ಣೆಯ ಜಾಹೀರಾತು ಬರುತ್ತದೆ ಅಷ್ಟೇ ಎಂದ.

ಯಾವುದನ್ನು ಕೊಳ್ಳುವುದೆಂದು ತೀರ್ಮಾನಿಸಲು ಕಾಲೇಜಿನ ಚೇರ್ಮನ್ ಬಸಂತರಾಯರು ಬಂದರು. ಈಗ ತೊಗರಿ ವ್ಯಾಪಾರಿ. ಮೊದಲು ದೇವರ ಹಿಪ್ಪರಗಿ ಸಂತೆಯಲ್ಲಿ ಎತ್ತಿನ ದಲ್ಲಾಳಿ. ಎತ್ತಿನ ಮೂತಿ ಹಿಡಿದ ಹಾಗೆ ಮೊಬೈಲ್ ಹಿಡಿದರು. ಬೆರಳಾಡಿಸಿ ಒಳಗಿನವನ ಬಾಯಿ ದೊಡ್ಡದು ಮಾಡಿ ನೋಡಿದರು.

"ಹಲ್ಲು ಛಲೋ ಅದಾವು. ಈಗ ನಡಿಸಿ ತೋರಸ್ರಿ."

"ಇದು ನಡಿಯೂದಿಲ್ರಿ ಸರ. ನಿಂತಿರ್ತೈತಿ."

"ನಡಿಲಾರದ್ದು ಯಾಕ ತಗೋಬೇಕ್ರಿ? ಕಟ್ಟಿ ಮೇಸಾಕ?"

ಸಂಜೀವಕುಮಾರ ತಡ ಮಾಡದೆ ತನ್ನದನ್ನು ತೆರೆದ. ಅದರೊಳಗಿನ ಮನುಷ್ಯ ನಡೆದ, ಓಡಿದ, ಗುಂಡಿ ಒತ್ತಿದರೆ ಕುಣಿದ. ಬಸಂತರಾಯರ ಮುಖ ಹೂ ಬಿಟ್ಟ ತೊಗರಿ ಹೊಲವಾಯಿತು.

ಸಿದ್ದಾರೂಢನಿಗೆ ತಡೆಯಲಾಗಲಿಲ್ಲ. "ಅದರಾಗ ನರಾನ ಇಲ್ರಿ ಸರ. ಅದನ್ನ ನೋಡಿ ಕಲತವ್ರು ಊರ ಮಂದೀನೆಲ್ಲಾ ಕುಂಟ ಮಾಡ್ತಾರ. ಬೇಕಾದ್ರ ಪರೀಕ್ಷೆ ಮಾಡ್ರಿ."

ಸಿಟ್ಟಿನಲ್ಲಿ ಆಡಿದ ಮಾತನ್ನು ಎಲ್ಲರೂ ಗಟ್ಟಿಯಾಗಿ ಹಿಡಿದುಕೊಂಡರು. ಭುವನೇಶ್ವರಿ ಎಂಬ ವಿದ್ಯಾರ್ಥಿನಿ ಒಳ್ಳೆಯ ಆ್ಯಪ್ ನೋಡಿ ಕಲಿಯಬೇಕು. ಯುವರಾಜ ಎಂಬ ವಿದ್ಯಾರ್ಥಿ ನಡೆಯುವ ಆ್ಯಪ್ ನೋಡಿ. ಊಟವಾದ ಮೇಲೆ ಇಬ್ಬರೂ ಬರೀ ಸಲೈನಿನ ಒಂದೊಂದು ಸೂಜಿ ಹಾಕಬೇಕು. ಯಾರಿಗೆ? ಚೇರ್ಮನ್ನರಿಗೆ ಶುಗರ್, ಪ್ರಿನ್ಸಿಪಾಲರಿಗೆ ಬಿಪಿ, ಸಂಜೀವಕುಮಾರನಿಗೆ ನಾಳೆ ಲಗ್ನದ ಪಂಕ್ತಿಯಲ್ಲಿ ಕೂರಬೇಕಿತ್ತು. ಎಲ್ಲರೂ ಸಿದ್ದಾರೂಢನನ್ನು ಹರಕೆಯ ಟಗರು ನೋಡಿದಂತೆ ನೋಡಿದರು.

ಅವನು ಬೆಂಚಿನ ಮೇಲೆ ಬೋರಲು ಮಲಗಿದ. ವಿಜಯಲಕ್ಷ್ಮಿ ಈಗಲೂ ಕಣ್ಣು ಮುಚ್ಚಿಕೊಂಡರು, ಬೆರಳ ಸಂದಿ ಬಿಟ್ಟು. ಭುವನೇಶ್ವರಿ ಸೊಂಟದ ಎಲುಬು ಮುಟ್ಟಿ ಜಾಗ ಗುರುತಿಸಿದಳು.

ಸಿದ್ದಾರೂಢ ಕಾದು ಕಾದು, "ಹಾಕವಾ ಲಗೂನ," ಎಂದ.

"ಹಾಕಿ ಆತ್ರಿ ಸರ."

ಯುವರಾಜ ಕಬ್ಬು ಕಡಿಯುವವನ ಹಾಗೆ ಕೈ ಎತ್ತಿದ. ಸೊಂಟದಿಂದ ಕಾಲಿನ ಹೆಬ್ಬೆರಳ ತನಕ ಸಿಡಿಲು ಹಾದಂತಾಯಿತು. ಸಿದ್ದಾರೂಢನ ಕೂಗಿಗೆ ರಸ್ತೆಯಲ್ಲಿ ನಿಂತಿದ್ದ ಕಲಬುರಗಿ ಬಸ್ಸಿನ ಮಂದಿ ಕಿಟಕಿಯಿಂದ ಇಣುಕಿದರು.

ಕಣ್ಣಲ್ಲಿ ನೀರಿದ್ದರೂ ಅವನಿಗೆ ಒಳಗೊಳಗೆ ಹಿಗ್ಗು. ಗೆದ್ದಿದ್ದ.

"ನೋಡಿದ್ರ್ಯಾ ಸರ? ಮೊದಲನೇದು ಗೊತ್ತ ಆಗಲಿಲ್ಲ. ಎರಡನೇದು ಜೀವಾನ ತಗೊಂತು."

ಬಸಂತರಾಯರು ಬಹಳ ಹೊತ್ತು ತಲೆಯಾಡಿಸಿದರು.

"ಗೊತ್ತ ಆಗಲಿಲ್ಲಂದ್ರ ಅದೆಂಥಾ ಸೂಜಿರಿ? ನೀರು ಹಾಕಿ ಕಳಿಸ್ಯಾರ ಅಂತಾರ ಮಂದಿ. ಸೂಜಿ ಜಡದ್ರ ಜಡದಂಗ ಇರಬೇಕು. ಮೋರಟಗಿ ರುಕ್ಮವ್ವನ್ನ ಕೇಳ್ರಿ. ಕಾಲು ಹ್ವಾದ್ರ ಹೋಗ್ಲಿ, ಜ್ವರಾ ಒಂದ ಏಟಿಗೆ ಹೋತು ಅಂತ ಇವತ್ತಿಗೂ ಹೊಗಳ್ತಾಳ."

ಯುವರಾಜನ ಬೆನ್ನು ಚಪ್ಪರಿಸಿದರು. ನಡೆಯುವ ಆ್ಯಪೇ ಗಟ್ಟಿ ಎಂದರು. ಸಂಜೀವಕುಮಾರ ಚಹಾ ತರಿಸಿದ.

ಉತ್ತರ ಕೊಡಲು ಸಿದ್ದಾರೂಢ ಗೋಡೆ ಹಿಡಿದು ಎದ್ದ. ಚೇರ್ಮನ್ನರ ಹಳೆಯ ದಲ್ಲಾಳಿ ಕಣ್ಣು ಅವನ ಬಲಗಾಲಿನ ಮೇಲೆ ನಿಂತಿತು.

"ಸರ, ಒಂದೀಟು ನಡದು ತೋರಸ್ರಿ."

ಬಾಗಿಲ ತನಕ ನಡೆದ. ಕಾಲು ಒದ್ದೆ ಗೋಣಿಚೀಲದ ಹಾಗೆ ಹಿಂದೆ ಹಿಂದೆ ಬಂತು.

ಬಸಂತರಾಯರು ಲೊಚಗುಟ್ಟಿ, ಪ್ರಿನ್ಸಿಪಾಲರ ಕಡೆ ಬಾಗಿ ದನಿ ತಗ್ಗಿಸಿದರು.

"ಮೇಡಂ, ಇವರ ಕರಾರು ಯಾವಾಗ ಮುಗಿತೈತಿ?"