ನೂರೆಂಟು ತೋರಿಸಿದ ನೀರಿನ ಮೀಟರು

ಚಿಕ್ಕಬಾಣಾವರದ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಕೆಳಮನೆಯ ಶಾರದಮ್ಮನ ಫೋನ್ ಬಂತು.

"ರೀ ಸಾವಿತ್ರಮ್ಮ, ಗೇಟಿನ ಹತ್ರ ಮೀಟರಿನ ಬಸವರಾಜು ಬಂದಿದ್ದಾರೆ. ಎಲ್ಲರ ಮನೆ ನೀರಿನ ರೀಡಿಂಗೂ ಗಾಳೀಲೇ ಅವರ ಮಷೀನಿಗೆ ಬಂತು. ನಿಮ್ದೊಂದೇ ಬರ್ತಿಲ್ಲ. ಸಿಗ್ನಲ್ ಸಿಗದಿದ್ರೆ ಮೀಟರನ್ನ ಆಚೆ ಗೋಡೆಗೆ ಹಾಕ್ತಾರಂತೆ."

ಆಚೆ ಗೋಡೆ! ಅದರ ಬೆನ್ನಿಗೇ ನಮ್ಮ ದೇವರ ಗೂಡು. ತೀರಿಹೋದ ಅತ್ತೆ ಕೈಯಾರೆ ದೇವರನ್ನು ಕೂರಿಸಿದ ಜಾಗ. ಅಲ್ಲಿ ಡ್ರಿಲ್ ಹಾಕುವುದೇ?

"ಯಾರೂ ಗೋಡೆ ಮುಟ್ಟೋದು ಬೇಡ. ನಾನೇ ಸರಿ ಮಾಡ್ತೀನಿ," ಅಂದೆ. ದೇವರ ದಯೆ, ಧೈರ್ಯಕ್ಕೆ ನನ್ನಲ್ಲಿ ಕೊರತೆಯಿಲ್ಲ.

ಮೀಟರು ಇರುವುದು ಅಡುಗೆಮನೆಯ ಹಿಂದೆ, ನೆಲದ ಪೈಪಿನ ಮೇಲೆ. ಕೂರಿಸಿದ ದಿನವೇ ಅರಿಶಿನ ಕುಂಕುಮ ಹಚ್ಚಿ, ಪಾರಿವಾಳ ಗಲೀಜು ಮಾಡದಿರಲೆಂದು ಹಿತ್ತಾಳೆ ಪಾತ್ರೆ ಕವುಚಿದ್ದೆ.

ಬಸವರಾಜು ಶಾರದಮ್ಮನ ಫೋನಿನಲ್ಲೇ, "ಅಮ್ಮಾ, ಸಿಗ್ನಲ್ ಮೈನಸ್ ತೊಂಬತ್ತೆರಡು," ಅಂದರು.

ಮೈನಸ್ಸನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತೊಂಬತ್ತೆರಡು! ನಮ್ಮ ವಂಶದಲ್ಲೇ ಯಾರಿಗೂ ಬಾರದ ಮಾರ್ಕು. ಅದೂ ಸಾಲದೆಂದರೆ, ಸಿಗ್ನಲ್ ಎಲ್ಲೋ ಸಂದಿಯಲ್ಲಿ ಸೋರುತ್ತಿರಬೇಕು. ಪಾತ್ರೆಯ ಅಂಚಿನ ಸುತ್ತ ಒದ್ದೆ ಬಟ್ಟೆ ಬಿಗಿದೆ.

"ತೊಂಬತ್ತೇಳು."

ಉಪಾಯ ಫಲಿಸುತ್ತಿದೆ! ದೋಸೆಯ ಕಬ್ಬಿಣದ ಕಾವಲಿಯನ್ನೂ ಅಡ್ಡ ಇಟ್ಟೆ.

"ನೂರೆಂಟು."

ಅಷ್ಟೋತ್ತರದ ಸಂಖ್ಯೆ! ಕಣ್ಣು ತುಂಬಿ ಬಂತು. "ಸಾಕಪ್ಪಾ, ಬರ್ಕೊಂಡ್ಬಿಡಿ!" ಎಂದು ಊದುಬತ್ತಿ ಹಚ್ಚಿದೆ.

"ಏನ್ ಬರ್ಕೊಳ್ಳೋದಮ್ಮಾ? ನೂರೆಂಟು ಅಂದ್ರೆ ಉಸಿರು ನಿಂತಂಗೆ. ನಾನೇ ಬರ್ತೀನಿ ತಾಳಿ."

ಮಷೀನನ್ನು ಶಾರದಮ್ಮನ ಕೈಗೆ ಕೊಟ್ಟು, ಡ್ರಿಲ್ಲಿನ ಚೀಲ ಹೊತ್ತು ಮೇಲೆ ಬಂದೇಬಿಟ್ಟರು. ಹಿಂದೆಯೇ ನಮ್ಮ ಯಜಮಾನರು. ಹಿತ್ತಾಳೆ, ಬಟ್ಟೆ, ಕಾವಲಿ, ಊದುಬತ್ತಿಯ ಹೊಗೆ. ಇಬ್ಬರೂ ದರ್ಶನ ಮಾಡಿದರು.

"ಒಲೆ ಹಚ್ಚೋದೊಂದು ಬಾಕಿ ಕಣೇ," ಅಂದರು ಯಜಮಾನರು.

ಬಸವರಾಜು ಒಂದೊಂದನ್ನೇ ತೆಗೆದಿಟ್ಟರು. ಕೆಳಗಿನಿಂದ ಶಾರದಮ್ಮ ಕೂಗಿದರು: "ಅರವತ್ತೆಂಟು!"

"ಅಯ್ಯೋ, ಇಳಿದೇ ಹೋಯ್ತಲ್ಲಪ್ಪಾ!"

"ಮೈನಸ್ಸಲ್ವಾ ಅಮ್ಮಾ, ಇಳಿದಷ್ಟೂ ಒಳ್ಳೇದು. ಪಾತ್ರೆ ಒಳಗೆ ಮುಚ್ಚಿಟ್ರೆ ಸಿಗ್ನಲ್ ಆಚೆ ಬರೋದೆಂಗೆ?"

ಡ್ರಿಲ್ಲು ಚೀಲದಿಂದ ಈಚೆ ಬರಲಿಲ್ಲ. ಹೊರಡುವ ಮುಂಚೆ, "ಒಂದು ಫೋಟೋ ತಗೋತೀನಮ್ಮಾ, ಹೊಸಬರಿಗೆ ತೋರಿಸೋಕೆ," ಅಂದರು. ಸೆರಗು ಸರಿಮಾಡಿಕೊಂಡು ನಿಂತೆ.

"ನೀವಲ್ಲಮ್ಮಾ. ಪಾತ್ರೆದು."

ಅವರು ಹೋದಮೇಲೆ ದೇವರ ಮುಂದೆ ಕೈಮುಗಿದೆ. ನಿನ್ನ ಗೋಡೆಯನ್ನು ನೀನೇ ಉಳಿಸಿಕೊಂಡೆ ತಂದೆ, ಅನ್ನಲು ಹೊರಟೆ. ಯಾರ ಕೈಯಿಂದ ಉಳಿಸಿಕೊಂಡ ಎಂದು ಆಗ ಹೊಳೆಯಿತು. ಬಾಯಿ ಮುಚ್ಚಿಕೊಂಡು ಹಾಲಿಗೆ ಹೆಪ್ಪು ಹಾಕಲು ಹೋದೆ.